ಆಣೆಗವಿಯಲ್ಲಿ ಕೆಂಚವ್ವ

ಆಣೆಗವಿ ಸುಳ್ಳನನ್ನು ಕೊಲ್ಲುತ್ತದೆ, ಸತ್ಯವಂತನನ್ನು ಬಿಟ್ಟು ಕಳಿಸುತ್ತದೆ. ಇದು ಆಗ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆಗ ಎಂದರೆ ಯಾವಾಗ ಎಂದು ಕೇಳಬೇಡಿ. ಒಂದು ಊರಿತ್ತಂತೆ, ಊರಿಗೊಬ್ಬ ದೊರೆ ಇದ್ದನಂತೆ. ಊರಾಚೆ ಬೋಳುಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಗವಿ. ಆ ಗವಿಯಲ್ಲಿ ಹಿಂದೆ ಯಾರಿದ್ದರು ಎನ್ನುವುದಕ್ಕೆ ಮೂರು ಕಥೆಗಳಿದ್ದವು. ಶಾಪ ಕೊಟ್ಟು ಕೂತ ಸಿದ್ಧ ಎಂದು ಕೆಲವರು, ಗಂಡನ ಸುಳ್ಳಿಗೆ ಬೇಸತ್ತು ಒಳಹೊಕ್ಕ ರಾಣಿ ಎಂದು ಕೆಲವರು, ಏಳು ಹೆಡೆಯ ಸರ್ಪ ಎಂದು ಉಳಿದವರು. ಮೂರು ಗುಂಪಿನವರೂ ಆಣೆ ಮಾಡಿ ಹೇಳುತ್ತಿದ್ದರು. ಗವಿಯೊಳಗೆ ನಿಂತು ಮಾತ್ರ ಅಲ್ಲ.

ಗವಿಯ ಬಾಯಲ್ಲಿ ಹಕ್ಕಿ ಗೂಡು ಕಟ್ಟುತ್ತಿರಲಿಲ್ಲವಂತೆ. ಕುರಿಯೊಂದು ತಪ್ಪಿ ಒಳಗೆ ಹೋದರೆ ಕುರುಬ ಬಾಗಿಲಲ್ಲೇ ನಿಂತು ಮೂರು ಸಲ ಕೂಗುತ್ತಿದ್ದ. ಆಮೇಲೆ ಆ ಕುರಿಯನ್ನು ಮರೆಯುತ್ತಿದ್ದ.

ಊರಲ್ಲಿ ಇಬ್ಬರ ಮಾತು ಒಂದಕ್ಕೊಂದು ಕೂಡದಿದ್ದರೆ ಇಬ್ಬರೂ ಒಬ್ಬೊಬ್ಬರಾಗಿ ಗವಿಗೆ ಹೋಗಬೇಕು. ಕೈಯಲ್ಲೊಂದು ಹಣತೆ. ಮೂವತ್ತು ಹೆಜ್ಜೆ ಒಳಗೆ ಎದೆಯೆತ್ತರದ ಕರೀಕಲ್ಲು. ಅದರ ಮುಂದೆ ಉದ್ದಕ್ಕೆ ಅಡ್ಡಬಿದ್ದು, ಹಣೆಯನ್ನು ನೆಲಕ್ಕೆ ಹಚ್ಚಿ, ‘ನನ್ನ ಮಾತು ಖರೆ’ ಎಂದು ನೂರೊಂದು ಸಲ ಹೇಳಬೇಕು. ಆಮೇಲೆ ಎದ್ದು, ಕಲ್ಲಿನ ನೆತ್ತಿಯ ಮೇಲಿಟ್ಟ ಭಂಡಾರವನ್ನು, ಪೂಜೆಯ ಅರಿಶಿನಪುಡಿಯನ್ನು, ಹಣೆಗೆ ಹಚ್ಚಿಕೊಂಡು ಹೊರಗೆ ಬರಬೇಕು. ಬಂದವನು ಸತ್ಯವಂತ, ಬಾರದವನು ಸುಳ್ಳ. ಬಾರದವನನ್ನು ತರಲು ಯಾರೂ ಹೋಗುತ್ತಿರಲಿಲ್ಲ. ಬಂದವನು ಒಳಗೆ ಕಂಡದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಸುಳ್ಳನ ಮನೆಯ ಮಾಡು ಕಿತ್ತು, ಮನೆಯವರನ್ನು ಎಂಟು ದಿನದೊಳಗೆ ಊರು ಬಿಡಿಸುತ್ತಿದ್ದರು. ನ್ಯಾಯ ಬೇಗ ಮುಗಿಯುತ್ತಿತ್ತು.

ಆ ಊರಿನಲ್ಲಿ ಮಾಳಿಂಗ ಎಂಬ ಕುರುಬನಿದ್ದನಂತೆ. ದಾರಿಯ ಕಲ್ಲಿಗೂ ಕೈ ಮುಗಿದು ಮುಂದೆ ಹೋಗುವವನು. ಒಂದು ದಿನ ಅವನು ಚಾವಡಿಗೆ ಬಂದು, ಊರ ಹುಲ್ಲುಗಾವಲಿನ ಗಡಿಕಲ್ಲನ್ನು ನಿಂಬನಗೌಡರು ಕಿತ್ತು ಒಳಕ್ಕೆ ನೆಟ್ಟಿದ್ದಾರೆ, ಗಾವಲಿನ ಅರ್ಧ ಅವರ ಹೊಲಕ್ಕೆ ಸೇರಿದೆ ಎಂದ.

“ನಾ ಕಣ್ಣಾರೆ ನೋಡೀನ್ರಿ ಗೌಡ್ರ,” ಎಂದ.

ಗೌಡ ನಕ್ಕನಂತೆ. “ಕುರಿ ಕಾಯೋ ಕಣ್ಣು. ಕಂಡದ್ದೆಲ್ಲಾ ಅದರ ಪಾಲಿಗೆ ಕುರಿನ. ಕಲ್ಲು ಕಿತ್ತಾಂವ ಇವನ ನೋಡ್ರಿ ಮಹಾರಾಜ್ರ. ತನ್ನ ಕುರಿ ಹಾಯೂದಕ್ಕ ಅಡ್ಡ ಬಂತಂತ.”

ದೊರೆಗೆ ಊಟದ ಹೊತ್ತಾಗಿತ್ತು. “ಗವಿಗೆ ಹೋಗ್ರಿ,” ಎಂದ.

ಗೌಡ ಮೊದಲು ಹೋದ. ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಭಂಡಾರ ಹಚ್ಚಿಕೊಂಡು ಬಂದ. ಬಿಳಿ ಧೋತರ, ಬಿಳಿ ಅಂಗಿ, ಮೊದಲಿನ ಹಾಗೆಯೇ. ಮಾಳಿಂಗ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದ. ಹೊತ್ತು ಇಳಿಯಿತು. ಜನ ಎದ್ದು ಮನೆಗೆ ಹೋದರು.

ಮಾಳಿಂಗನ ಮನೆಯಲ್ಲಿ ಹೆಂಡತಿ ಕೆಂಚವ್ವ, ಕಣ್ಣು ಕಾಣದ ಅವನ ತಾಯಿ. ಎಂಟು ದಿನದಲ್ಲಿ ಆರು ಕಳೆದಿದ್ದವು. ಬಾವಿಯಲ್ಲಿ ಇವರ ಕೊಡಕ್ಕೆ ಯಾರೂ ಹಗ್ಗ ಕೊಡುತ್ತಿರಲಿಲ್ಲ.

“ಗವಿ ತಪ್ಪ ಮಾಡೂದಿಲ್ಲ ಸೊಸಿ,” ಎಂದಳು ಮುದುಕಿ. “ನನ್ನ ಮಗಾನ ಏನಾರ ತಪ್ಪ ಕಂಡಿರಬೇಕು.”

“ಅತ್ತಿ, ನಿಮ್ಮ ಮಗ ಹುಟ್ಟಿದಾಗಿಂದ ಒಮ್ಮೆನಾದ್ರೂ ಸುಳ್ಳ ಹೇಳ್ಯಾನನು?”

ಮುದುಕಿ ಬಹಳ ಹೊತ್ತು ಯೋಚಿಸಿದಳಂತೆ. “ಒಮ್ಮೆ. ನನ್ನ ರೊಟ್ಟಿ ಮೆತ್ತಗದಾವು ಅಂದಿದ್ದ.”

“ಹಂಗಾದ್ರ ಸುಳ್ಳ ಹೇಳಿದ್ದು ಗವಿ,” ಎಂದು ಕೆಂಚವ್ವ ಎದ್ದಳು.

ಸತ್ತವನ ಪರವಾಗಿ ಮನೆಯವರೊಬ್ಬರು ಒಂದು ಸಲ ಆಣೆಗೆ ಹೋಗಬಹುದು ಎಂದು ಕಟ್ಟಳೆಯಿತ್ತು. ಯಾರೂ ಹೋಗಿರಲಿಲ್ಲ. ಗವಿಯೇ ಸುಳ್ಳನೆಂದು ತೀರ್ಮಾನಿಸಿದವನ ಪರವಾಗಿ ಸಾಯಲು ಯಾರಿಗೆ ಮನಸ್ಸು?

ಮರುದಿನ ನಡುಮಧ್ಯಾಹ್ನ ಊರೆಲ್ಲ ಗುಡ್ಡಕ್ಕೆ ಬಂದಿತು. ಗವಿಯ ಪೂಜಾರಿ ಈರಯ್ಯ ಹಣತೆ ಕೈಗಿಟ್ಟ. ಅವನು ಒಳಗೆ ಹೋಗುತ್ತಿದ್ದುದು ವರ್ಷಕ್ಕೊಂದು ಸಲ, ಭಂಡಾರ ಇಡಲು. ಓಡಿ ಹೋಗಿ ಓಡಿ ಬರುತ್ತಿದ್ದ.

“ಅಡ್ಡಬೀಳೂದು ಮರೀಬ್ಯಾಡ ತಂಗಿ. ಅಲ್ಲಿದ್ದದ್ದು ಭಾಳ ಸಿಟ್ಟಿಂದು.”

“ನಂದೂ ಸಿಟ್ಟನ ಐತೆಪ್ಪಾ,” ಎಂದು ಕೆಂಚವ್ವ ಒಳಗೆ ಹೋದಳು.

ಹತ್ತು ಹೆಜ್ಜೆಗೆ ಹೊರಗಿನ ಮಾತು ನಿಂತಿತು. ಇಪ್ಪತ್ತು ಹೆಜ್ಜೆಗೆ ಮೊಣಕಾಲ ಕೆಳಗೆ ಬೆಚ್ಚಗಾಯಿತು, ಯಾರೋ ಉಸಿರು ಬಿಟ್ಟ ಹಾಗೆ. ಮೂಗಿನಲ್ಲಿ ಹುಳಿಹುಳಿ ಚುರುಕು. ಕಾಲ ಕೆಳಗೆ ಮೆತ್ತನೆಯ ಕರೀಧೂಳಿ. ಮೂವತ್ತು ಹೆಜ್ಜೆಗೆ ಕಲ್ಲು ಕಂಡಿತು. ಕಲ್ಲಿನ ಮುಂದೆ ಜನ ಕಂಡರು.

ಎಲ್ಲರೂ ಅಡ್ಡಬಿದ್ದಿದ್ದರು. ಸಾಲುಸಾಲಾಗಿ, ಕೈ ಮುಂದೆ ಚಾಚಿ, ಮುಖ ನೆಲಕ್ಕಿಟ್ಟು. ಹಿಂದಿನ ಸಾಲಿನವರಲ್ಲಿ ಬಟ್ಟೆಯಿತ್ತು, ಮೈ ಇರಲಿಲ್ಲ. ನಡುವಿನವರಲ್ಲಿ ಎರಡೂ ಅಷ್ಟಿಷ್ಟು ಇದ್ದವು. ಯಾರೂ ಓಡಲು ಎದ್ದಿರಲಿಲ್ಲ, ಯಾರೂ ಹೊರಳಿರಲಿಲ್ಲ. ಕರೆದರೆ ಎಲ್ಲರೂ ಒಟ್ಟಿಗೆ ಏಳುತ್ತಾರೇನೋ ಅನ್ನಿಸುವಂತಿತ್ತಂತೆ. ಅವಳು ಕರೆಯಲಿಲ್ಲ.

ಎಲ್ಲರಿಗಿಂತ ಮುಂದೆ ಕಂಬಳಿಯೊಂದಿತ್ತು. ಅದು ಅವಳೇ ನೂಲು ತೆಗೆದ ಕಂಬಳಿ.

“ನಿನಗ ಅಡ್ಡಬೀಳಾಕ ಬಂದಿಲ್ಲ ನಾ,” ಎಂದಳು ಕಲ್ಲಿಗೆ. “ಕೇಳಾಕ ಬಂದೀನಿ. ಇವನು ಏನು ಸುಳ್ಳ ಹೇಳಿದ್ದ?”

ಕಲ್ಲು ಸುಮ್ಮನಿತ್ತು.

ಗಂಡನ ಮುಖವನ್ನಾದರೂ ನೋಡೋಣ ಎಂದು ಬಗ್ಗಿದಳು. ಬಗ್ಗಿದ ಕೂಡಲೆ ಗಂಟಲು ಹಿಡಿಯಿತು, ತಲೆ ಗಿರ್ರೆಂದಿತು. ಎದ್ದು ನಿಂತಳು, ಉಸಿರು ಬಂತು. ನಿಂತಲ್ಲಿಂದಲೇ ಹಣತೆಯನ್ನು ಕೆಳಗೆ ಇಳಿಸಿದಳು. ಸೊಂಟದವರೆಗೆ ದೀಪ ಉರಿಯಿತು. ಮೊಣಕಾಲಿಗೆ ಬಂದಾಗ ಆರಿತು. ಗಾಳಿಯಿಲ್ಲ, ಕುಡಿ ಅಲುಗಲಿಲ್ಲ. ಯಾರೋ ಎರಡು ಬೆರಳಲ್ಲಿ ತೆಗೆದುಕೊಂಡಂತೆ ದೀಪ ಹೋಯಿತು.

ಕತ್ತಲಲ್ಲಿ, ಅಷ್ಟು ಜನರ ನಡುವೆ, ಅವಳೊಬ್ಬಳೇ ನಿಂತಿದ್ದಳು. ಕೈಚಾಚಿ ಭಂಡಾರ ತಡವಿ ಹಣೆಗೆ ಹಚ್ಚಿಕೊಂಡಳು. ದೂರದಲ್ಲಿ ಗವಿಯ ಬಾಯಿ ಹಣತೆಯಷ್ಟು ಬೆಳಕಾಗಿ ಕಾಣುತ್ತಿತ್ತು. ಬಗ್ಗದೆ, ಎಡವದೆ, ಅದರ ಕಡೆಗೆ ನಡೆದಳಂತೆ.

ಹಣೆಯ ಮೇಲೆ ಭಂಡಾರ ಹಚ್ಚಿಕೊಂಡೇ ಹೊರಗೆ ಬಂದಳು. ಗವಿ ಗೌಡನನ್ನೂ ಬಿಟ್ಟಿತ್ತು, ಇವಳನ್ನೂ ಬಿಟ್ಟಿತ್ತು. ಗಡಿಕಲ್ಲು ಮಾತ್ರ ಒಂದೇ.

“ಇದೆಂಗ ಈರಯ್ಯ?” ಎಂದ ದೊರೆ.

ಈರಯ್ಯನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಹೇಳುವುದನ್ನು ಹೇಳಿದ: “ಯಾರೋ ಒಬ್ರು ಪದ್ಧತಿ ಬಿಟ್ಟಾರ.”

“ನಾ ಬಿಟ್ಟೀನಿ,” ಎಂದಳು ಕೆಂಚವ್ವ. “ಅಡ್ಡಬಿದ್ದಿಲ್ಲ. ಗೌಡ್ರೂ ಬಿದ್ದಿಲ್ಲ. ಅವತ್ತು ಅವರ ಧೋತರ ನೋಡಿದ್ರಿಲ್ಲ, ಹಾಲಿನಂಗಿತ್ತು. ಒಳಗ ಬೆರಳುದ್ದ ಕರೀಧೂಳಿ ಐತಿ.”

ಎಲ್ಲರೂ ಗೌಡನ ಕಡೆ ತಿರುಗಿದರು. “ಬಿದ್ದೀನಿ,” ಎಂದ ಗೌಡ. “ಬೇಕಾದ್ರ ಇನ್ನೊಮ್ಮೆ ಬೀಳ್ತೀನಿ. ಒಮ್ಮೆ ಬಿಟ್ಟದ್ದು ಇನ್ನೊಮ್ಮೆ ಬಿಡೂದಿಲ್ಲೇನು?”

“ಅವರು ಬಿದ್ದು ಬರಲಿ ಮಹಾರಾಜ್ರ. ಅವರ ಹಿಂದ ನಾನೂ ಹೋಗಿ ಬೀಳ್ತೀನಿ,” ಎಂದಳು ಕೆಂಚವ್ವ.

ದೊರೆ ಒಪ್ಪಿದ. ಈರಯ್ಯ ದೀಪ ಹಿಡಿದು ಪಕ್ಕದಲ್ಲಿ ನಿಂತು ನೋಡಬೇಕು, ಗೌಡ ಹೊರಗೆ ಕೇಳುವಂತೆ ಕೂಗಿ ಹೇಳಬೇಕು ಎಂದು ಅಪ್ಪಣೆಯಾಯಿತು.

ಗೌಡ ಹೊರಟಾಗ ಕೆಂಚವ್ವ ಅವನ ದಾರಿಗೆ ಅಡ್ಡ ನಿಂತಳಂತೆ. “ಗೌಡ್ರ, ಗಡಿಕಲ್ಲು ಮೊದಲ ಎಲ್ಲಿತ್ತಂತ ಇಲ್ಲೇ ಹೇಳಿಬಿಡ್ರಿ. ಬರೇ ಅಷ್ಟು ಹೇಳ್ರಿ. ಒಳಗ ಬೀಳಬ್ಯಾಡ್ರಿ.”

“ಅಂಜಿಕಿ ಬಂತೇನವಾ?”

“ಬಂದೈತ್ರಿ. ನಿಮ್ಮ ಸಲುವಾಗಿ.”

ಗೌಡ ಅವಳನ್ನು ಸರಿಸಿ ಒಳಗೆ ಹೋದ.

ಜನ ಗವಿಯ ಬಾಯಿಗೆ ಕಿವಿಗೊಟ್ಟು ಕೂತರು. ಒಳಗಿಂದ ಗೌಡನ ಧ್ವನಿ ಬಂತು, ಚಾವಡಿಯ ಧ್ವನಿಯೇ: “ನನ್ನ ಮಾತು ಖರೆ. ನನ್ನ ಮಾತು ಖರೆ.” ಹೊರಗೆ ಹೆಂಗಸರು ಬೆರಳು ಮಡಚಿ ಎಣಿಸಿದರು. ಐದಕ್ಕೆ ಧ್ವನಿ ದಪ್ಪಗಾಯಿತು. ಏಳಕ್ಕೆ ನಿದ್ದೆಗಣ್ಣಿನವನ ಧ್ವನಿಯಂತಾಯಿತು. ಎಂಟಕ್ಕೆ ‘ನನ್ನ ಮಾತು’ ಬಂತು. ‘ಖರೆ’ ಬರಲಿಲ್ಲ.

ಬೆರಳು ಮಡಚಿದವರು ಮಡಚಿದ ಹಾಗೆಯೇ ಕೂತಿದ್ದರು.

ಈರಯ್ಯ ಓಡಿ ಬಂದ. ಕೈಯಲ್ಲಿ ದೀಪ ಉರಿಯುತ್ತಲೇ ಇತ್ತು. “ಹೋತು,” ಎಂದ. “ಅದು ತಗೊಂಡ್ತು.”

ಊರಿಗೆ ಸಮಾಧಾನವಾಯಿತು. ಗವಿ ತಡ ಮಾಡಿದರೂ ತಪ್ಪು ಮಾಡುವುದಿಲ್ಲ ಎಂದು ಹಿರಿಯರು ತಲೆ ಆಡಿಸಿದರು. ಕೆಂಚವ್ವನಿಗೆ ಇನ್ನು ಆಣೆ ಬೇಡ ಎಂದು ದೊರೆ ಹೇಳಿದ. ಗಡಿಕಲ್ಲು ಹಳೆಯ ಗುಂಡಿಗೆ ಮರಳಿತು, ಕುರಿ ಗಾವಲಿಗೆ ಮರಳಿದವು. ಮಾಳಿಂಗ ಸತ್ಯವಂತನೆಂದು ಡಂಗುರ ಹೊಡೆಸಿದರು. ಹಾಗಾದರೆ ಅವನು ಯಾಕೆ ಸತ್ತ ಎಂದು ಒಬ್ಬರೂ ಕೇಳಲಿಲ್ಲವಂತೆ. ಗೌಡನ ಮನೆಯ ಮಾಡು ಕೀಳಲು ಹೋದವರನ್ನು ಕೆಂಚವ್ವ ಬಾಗಿಲಲ್ಲಿ ನಿಂತು ತಡೆದಳು. ಈರಯ್ಯ ಗವಿಗೆ ವರ್ಷಕ್ಕೆರಡು ಪೂಜೆ ಮಾಡತೊಡಗಿದ.

ಕೆಂಚವ್ವ ಮಾತ್ರ ಕೈಬಿಡಲಿಲ್ಲ. ಹಿಂದೆ ಗವಿಗೆ ಹೋಗಿ ಬಂದವರಲ್ಲಿ ಜೀವಂತ ಇದ್ದವರ ಮನೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅವರನ್ನು ಒಂದೇ ಪ್ರಶ್ನೆ ಕೇಳಿದಳಂತೆ. ಏಳು ಜನ ಇದ್ದರು. ಏಳು ಜನರೂ ಮೊದಲು ಅತ್ತಿತ್ತ ನೋಡಿದರು, ಆಮೇಲೆ ಹೇಳಿದರು.

ಕಥೆ ಗುಡ್ಡದಲ್ಲಿ ಉಳಿಯಿತು, ನಾವು ಕೆಳಗೆ ಇಳಿದು ಬಂದೆವು.

ಆ ಏಳು ಜನರಲ್ಲಿ ಒಬ್ಬರೂ ಅಡ್ಡಬಿದ್ದಿರಲಿಲ್ಲ.