ತಾನೇ ಕುಡಿದ ಮೊದಲ ಲೋಟ

"ಬುದ್ಧೀ, ನಂಗೆ ಯಾರೂ ಏನೂ ಉಪಕಾರ ಮಾಡಿಲ್ಲ. ನಾನ್ಯಾಕೆ ಯಾರ್ನಾದ್ರೂ ನೆನೆದು ಕೈ ಮುಗೀಲಿ?" ಅಂತ ಶಿಷ್ಯ ಕೇಳ್ದ. ಗುರುಗಳು ಒಂದು ಕತೆ ಹೇಳಿದ್ರು.

ಹನ್ನೆರಡು ಅಂತಸ್ತಿನ ಕಟ್ಟಡ. ನೀರು, ಲಿಫ್ಟು, ಕರೆಂಟು ಎಲ್ಲಾ ನೆಟ್ಟಗಿದ್ಯಾ ಅಂತ ನೋಡೋಕೆ ಒಬ್ಬ ಇಂಜಿನಿಯರ್ ಇದ್ದ. ಮಹಾ ಪಿರಿಪಿರಿ ಆಸಾಮಿ. ಯಾರು ಏನೇ ಕೆಲಸ ಮಾಡಿರ್ಲಿ, ತಾನು ಮುಟ್ಟಿ ನೋಡ್ದೆ ಸರಿ ಅಂತಿರ್ಲಿಲ್ಲ. ಜನಕ್ಕೆ ಅವನ್ನ ಕಂಡ್ರೆ ಆಗ್ತಿರ್ಲಿಲ್ಲ.

ಏಳನೇ ಮಹಡೀಲಿ ಪಂಕಜಮ್ಮ ಅಂತ, ಬಾಯಿ ಜೋರು. ಮಗಳು ಮದುವೆಯಾದ ಎಂಟನೇ ವರ್ಷಕ್ಕೆ ಬಸುರಿ, ಅವತ್ತು ಸೀಮಂತ. ಹಿಂದಿನ ದಿನ ಆಳುಗಳು ಟ್ಯಾಂಕ್ ತೊಳೆದು ಹೋಗಿದ್ರು. ಹತ್ತು ಗಂಟೆಯಾದ್ರೂ ನಲ್ಲೀಲಿ ಹನಿ ನೀರಿಲ್ಲ. ಬೀಗರು ಬಂದು ಕೂತಾಗಿತ್ತು, ಅಡುಗೆಭಟ್ಟ ಇನ್ನೂ ಅಕ್ಕಿ ತೊಳೆದಿರ್ಲಿಲ್ಲ. ಪಂಕಜಮ್ಮ ಸೆರಗು ಸಿಕ್ಕಿಸ್ಕೊಂಡು ತಾರಸಿಗೆ ಹೋದ್ಲು.

"ಏನಪ್ಪಾ, ಗಂಗೆ ಶಿವನ ಜಡೆಯಿಂದ್ಲೇ ಇಳಿದ್ಲಂತೆ. ನಿನ್ನ ಟ್ಯಾಂಕಿಂದ ಇಳಿಯೋಕೆ ಮುಹೂರ್ತ ನೋಡ್ಬೇಕಾ?"

ಇಂಜಿನಿಯರ್ ಎರಡು ಸೀಸೆ ಮುಂದಿಟ್ಟ. "ಇದು ಬೆಳಿಗ್ಗೆ ಆರಕ್ಕೆ ಹಿಡಿದ ನೀರಮ್ಮ, ಇದು ಈಗಿಂದು. ಎರಡಕ್ಕೂ ಪರೀಕ್ಷೆ ಔಷಧಿ ಹಾಕಿದೀನಿ. ಕುಡಿಯೋ ನೀರಾದ್ರೆ ತೆಳು ಹಳದಿ ಬರ್ಬೇಕು."

ಬೆಳಗಿನ ಸೀಸೆ ಕಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ತೊಳೆದೋರು ಬ್ಲೀಚಿಂಗ್ ಪುಡಿ ಸುರಿದು, ಜಾಲಿಸ್ದೆ ಹಾಗೇ ನೀರು ತುಂಬಿಸಿದ್ರು. ಅವನು ಮನೆಗಳಿಗೆ ಹೋಗೋ ವಾಲ್ವ್ ಮುಚ್ಚಿ, ಎರಡು ಸಲ ಟ್ಯಾಂಕ್ ಖಾಲಿ ಮಾಡ್ಸಿ ತುಂಬಿಸಿದ್ದ.

ಈಗಿನ ಸೀಸೆ ತೆಳು ಹಳದಿಯಾಗಿತ್ತು. ಆದ್ರೂ ಅವನಿಗೆ ಅಷ್ಟು ಸಾಲ್ದು. ಟ್ಯಾಂಕಿಂದ ಒಂದು ಲೋಟ ಹಿಡಿದು ತಾನೇ ಕುಡಿದ. ತನಗೇನಾದ್ರೂ ಆಗುತ್ತಾ ಅಂತ ಗಡಿಯಾರ ನೋಡ್ತಾ ಕೂತ. ಆಮೇಲೆ ಎದ್ದು ವಾಲ್ವ್ ತಿರುಗಿಸ್ದ.

ಪಂಕಜಮ್ಮ ಬೆಳಗಿನ ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು. ಎದ್ದ ಕೂಡ್ಲೇ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ಕುಡಿಯೋದು ಮಗಳ ಅಭ್ಯಾಸ. ಅವತ್ತು ನಲ್ಲಿ ಒಣಗಿದೆ ಅಂತ ಮೊದಲು ಗೊಣಗಿದೋಳೂ ಅವಳೇ.

"ಬಾರಪ್ಪ, ಊಟ ಮಾಡ್ಕೊಂಡು ಹೋಗು," ಅಂದ್ಲು.

ಬೀಗರಿಗಿಂತ ಮೊದಲು ಅವನ ಎಲೆಗೆ ಹೋಳಿಗೆ ಬಿತ್ತು. ಬೀಗ್ತಿ ಮೂತಿ ತಿರುವಿದ್ಲು. ತಿರುವ್ಕೊಳ್ಲಿ ಅಂತ ಪಂಕಜಮ್ಮ ಅವನಿಗೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದ್ಲು.

ಗುರುಗಳು ಕತೆ ನಿಲ್ಲಿಸಿದ್ರು. ಶಿಷ್ಯ ಕಾದ, ಕಾದ. ಕೊನೆಗೆ ಕೇಳ್ದ, "ಆಮೇಲೆ ಆ ಬಸುರಿ ಹುಡುಗಿಗೆ ಏನಾಯ್ತು ಬುದ್ಧೀ?"

"ಏನೂ ಆಗ್ಲಿಲ್ಲ ಕಣಯ್ಯ."

ಶಿಷ್ಯ ಯಾರನ್ನೋ ನೆನೆದು ಕೈ ಮುಗಿದ.