ಅಂಬಿಗನ ತಮ್ಮ ಹೇಳಿದ ಉತ್ತರ

“ಶಂಖದುರ್ಗದ ಪ್ರಜೆಗಳು ಕೇಳಬೇಕು. ಬಿರುಗಾಳಿಯ ಕಾಲ ಬಂದಿದೆ. ಈ ಸಲದ ಗಾಳಿಮಳೆ ಹೇಗಿದ್ದೀತೆಂದು ಮೊದಲೇ ಹೇಳಬಲ್ಲವರು ಅರಮನೆಗೆ ಬೇಕಾಗಿದ್ದಾರೆ. ರಾಜಕುಮಾರಿ ಪದ್ಮಲದೇವಿಯ ಮೂರು ಒಗಟು ಬಿಡಿಸಿದವರಿಗೆ ಆ ಹುದ್ದೆ, ಗುಡ್ಡದ ಮೇಲೊಂದು ಮನೆ. ತಪ್ಪಿದವರನ್ನು ದೋಣಿಯಲ್ಲಿ ಕೂರಿಸಿ ನಡುಗಡಲಿನಲ್ಲಿ ಬಿಡಲಾಗುವುದು.”

ಡಂಗುರ ಹೀಗೆ ಸಾರಿತು. ಹಿಂದಿನ ವರ್ಷ ರಾಜಕುಮಾರಿಯ ತಮ್ಮ ಹಡಗಿನ ಸಮೇತ ಮುಳುಗಿದ್ದ. ಕಡಲು ಶಾಂತವಾಗಿರುತ್ತದೆಂದು ಆಸ್ಥಾನದ ಜೋಯಿಸರು ದೊರೆಯ ಮನಸ್ಸು ನೋಡಿ ಹೇಳಿದ್ದರು. ಅಂದಿನಿಂದ ಅವಳು ಯಾರನ್ನೂ ನಂಬುತ್ತಿರಲಿಲ್ಲ.

ಮೊದಲು ಒಬ್ಬ ಪಂಡಿತ ಬಂದ. ರಾಜಕುಮಾರಿ ಕೇಳಿದಳು: “ಅದಕ್ಕೆ ಒಂದೇ ಕಣ್ಣು. ಅದು ಅಬ್ಬರಿಸುತ್ತ ಬಂದಾಗ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಕಣ್ಣು ನೆತ್ತಿಯ ಮೇಲೆ ಬಂದಾಗ ಬಾಗಿಲು ತೆಗೆದು ಹೊರಬಂದು ಸಾಯುತ್ತಾರೆ. ಯಾವುದದು?”

“ಯಮ” ಎಂದ ಪಂಡಿತ. ಅವನನ್ನು ದೋಣಿಗೆ ಹತ್ತಿಸಿದರು. ಆಮೇಲೆ ಬಂದ ವರ್ತಕನ ಮಗ ಬಹಳ ಯೋಚಿಸಿ “ಒಕ್ಕಣ್ಣಿನ ಹುಲಿ” ಎಂದ. ಅವನನ್ನೂ ಕಟ್ಟಿ ದಡಕ್ಕೆ ತಂದರು.

ದೋಣಿಗೆ ಅಂಬಿಗ ಬೇಕೆಂಬುದನ್ನು ಡಂಗುರ ಹೇಳಿರಲಿಲ್ಲ. ಪಂಡಿತನನ್ನು ಕರೆದೊಯ್ದ ಅಂಬಿಗ ಬೀರ ಗಾಳಿಗೆ ಸಿಕ್ಕಿ ತಿರುಗಿ ಬರಲಿಲ್ಲ. ವರ್ತಕನ ಮಗನ ದೋಣಿಗೆ ಬೀರನ ತಮ್ಮ ಜಟ್ಟಿಯೇ ಬರಬೇಕೆಂದು ಸಿಪಾಯಿಗಳು ಕರೆದರು. ಜಟ್ಟಿ ದೋಣಿಯ ಕಡೆ ಹೋಗದೆ ನೇರವಾಗಿ ಅರಮನೆಗೆ ನಡೆದ.

“ನಾನು ಉತ್ತರ ಹೇಳಿದರೆ ಆ ದೋಣಿ ಹೊರಡಬಾರದು, ಒಡತಿ.”

“ಒಂದೇ ಕಣ್ಣಿನದು ಯಾವುದು? ಹೇಳು ನೋಡೋಣ.”

“ಒಂದೇ ಕಣ್ಣಿನದು ಬಿರುಗಾಳಿ. ಅದರ ನಡು ಬಂದಾಗ ಗಾಳಿ ನಿಂತು ಬಿಸಿಲು ಬೀಳುತ್ತದೆ. ಮುಗಿಯಿತೆಂದು ಜನ ಹೊರಗೆ ಬರುತ್ತಾರೆ. ಉಳಿದರ್ಧ ಎದುರು ದಿಕ್ಕಿನಿಂದ ಬೀಸುತ್ತದೆ. ನಮ್ಮಪ್ಪ ಬಲೆ ಎಳೆದುಕೊಳ್ಳಲು ಹೊರಗೆ ಹೋಗಿ ಹಾಗೆಯೇ ಸತ್ತ.”

ರಾಜಕುಮಾರಿ ಎರಡನೆಯದನ್ನು ಕೇಳಿದಳು: “ಒಬ್ಬ ತಾಯಿ. ಮೈ ಬಿಸಿಯಾದ ವರ್ಷ ಹೆಚ್ಚು ಮಕ್ಕಳನ್ನು ಹೆರುತ್ತಾಳೆ. ಆ ಮಕ್ಕಳು ಊರೂರು ಹಾಳುಮಾಡಿ, ನೆಲದ ಮೇಲೆ ನಡೆದು ನಡೆದು ಸಾಯುತ್ತವೆ.”

“ತಾಯಿ ಕಡಲು, ಮಕ್ಕಳು ಬಿರುಗಾಳಿಗಳು. ನೀರು ಕಾದ ವರ್ಷ ಅವು ಹೆಚ್ಚು. ನೆಲ ಹತ್ತಿದ ಮೇಲೆ ಕುಡಿಯಲು ಬೆಚ್ಚನೆಯ ನೀರಿಲ್ಲದೆ ಸೊರಗುತ್ತವೆ.”

“ಕೊನೆಯದು. ನಿಜವಾದರೆ ಆಡಿದವನ ನಾಲಗೆಯನ್ನು ಶಪಿಸುತ್ತಾರೆ. ಸುಳ್ಳಾದರೆ ಅವನನ್ನು ನೋಡಿ ನಗುತ್ತಾರೆ. ಆದರೂ ಆಡಲೇಬೇಕಾದ ಮಾತು ಯಾವುದು?”

ಜಟ್ಟಿ ಕಿಟಕಿಯಾಚೆಯ ಕಡಲಿನ ಕಡೆ ತಿರುಗಿದ. ಉತ್ತರ ಗೊತ್ತಿಲ್ಲವೆಂದುಕೊಂಡು ಸಿಪಾಯಿಯೊಬ್ಬ ಹತ್ತಿರ ಬಂದ.

“ಬಿರುಗಾಳಿ ಬರಬಹುದು ಅನ್ನೋ ಮಾತು” ಎಂದ ಜಟ್ಟಿ. “ಯಾವ ದಿನ, ಯಾವ ಊರು ಅಂತ ಯಾರೂ ಹೇಳಲಾರರು. ಈ ಸಲ ಹೆಚ್ಚು, ಹುಷಾರು, ಅಷ್ಟೇ ಹೇಳಬಹುದು. ನಮ್ಮಣ್ಣ ಅದನ್ನೇ ಹೇಳಿದ್ದ. ನೀರು ಕಾದಿದೆ, ಇವತ್ತು ದೋಣಿ ಬೇಡ ಅಂದ. ಪುಕ್ಕಲ ಅಂತ ನಿಮ್ಮ ಸಿಪಾಯಿಗಳು ನಕ್ಕರು.”

“ನಿಮ್ಮಣ್ಣ ಯಾರು?”

“ಪಂಡಿತರನ್ನು ಕರೆದೊಯ್ದವನು. ದೋಣಿ ತಾನಾಗಿ ಹೋಗುತ್ತದೆ ಅಂದುಕೊಂಡಿದ್ದಿರಾ, ಒಡತಿ?”

ರಾಜಕುಮಾರಿ ತಲೆ ತಗ್ಗಿಸಿದಳು. ದೊರೆ ಕೈಸನ್ನೆ ಮಾಡಿ ಆ ಶಿಕ್ಷೆಯನ್ನು ನಿಲ್ಲಿಸಿದ. ಕಟ್ಟು ಬಿಚ್ಚಿದ ಕೂಡಲೇ ವರ್ತಕನ ಮಗ ಹಿಂದೆ ತಿರುಗಿ ನೋಡದೆ ಮನೆಗೆ ಓಡಿದ. ಜಟ್ಟಿಗೆ ಹುದ್ದೆ ಸಿಕ್ಕಿತು, ಗುಡ್ಡದ ಮನೆಯೂ ಸಿಕ್ಕಿತು. ಈ ಸಲ ಗಾಳಿ ಜೋರು ಎಂದು ಅವನು ಹೇಳಿದ್ದೇ ತಡ, ಊರಿನ ದೋಣಿಗಳನ್ನೆಲ್ಲ ದೊರೆಯ ಆಳುಗಳು ದಡಕ್ಕೆ ಎಳೆದರು.

ಸಂಜೆ ಅವನು ಅತ್ತಿಗೆ ಮಾದೇವಿಯನ್ನು ಕರೆಯಲು ಹೋದ. ಬೀರನ ಹೆಂಡತಿ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದಳು.

“ಮೇಲಿನ ಮನೆಗೆ ಬಾ ಅತ್ತಿಗೆ. ಅಲ್ಲಿಗೆ ನೀರು ಬರೋದಿಲ್ಲ.”

“ದೋಣಿ ಎಳೆದರಂತೆ?”

“ಹೌದು. ನಾನು ಹೇಳಿದ ಕೂಡಲೇ ಎಳೆದರು.”

ಮಾದೇವಿ ಮಡಲಿನಿಂದ ಕಣ್ಣೆತ್ತಲಿಲ್ಲ. “ನಿನ್ನಣ್ಣ ಹೇಳಿದ್ದೂ ಇದೇ ಮಾತಲ್ವಾ, ಜಟ್ಟಿ” ಎಂದಳು.

ಅವನು ಒಬ್ಬನೇ ಗುಡ್ಡ ಹತ್ತಿದ.