ಭಾವಿಸೋಣ ಎಂದ ಸಮೀಕರಣ

ಗಣಿತದ ಪ್ರೊಫೆಸರ್ ಪಂಕಜಾಕ್ಷಿ ಕಣ್ಣೀರಿನ ಮೇಲೊಂದು ಸಮೀಕರಣ ಕಟ್ಟಿದರು. ಕಣ್ಣುಗುಡ್ಡೆಯ ಮೇಲೆ ಹರಡಿರುವ ತೆಳುವಾದ ನೀರಿನ ಪದರ ಎಷ್ಟು ಹೊತ್ತು ಒಡೆಯದೆ ನಿಲ್ಲುತ್ತದೆ ಎಂದು ಅದು ಹೇಳಬೇಕಿತ್ತು. ಒಂದು ಭಾನುವಾರ, ಖಾಲಿ ಕಾಲೇಜಿನಲ್ಲಿ, ಅವರು ಅದನ್ನು ಬೋರ್ಡಿನ ತುಂಬ ಬರೆದು ಎದುರಿಗೆ ಕೂತರು.

ಮಾತಾಡಿಸಲು ಬೇರೆ ಯಾರೂ ಇಲ್ಲದ್ದರಿಂದ ಸಮೀಕರಣ ಅವರ ಕಣ್ಣಿನ ಪದರವನ್ನೇ ಮಾತಿಗೆಳೆಯಿತು. “ಹನ್ನೊಂದನೇ ಸೆಕೆಂಡಿಗೆ ನೀನು ಒಡೆಯುತ್ತೀಯ.”

“ಅಷ್ಟರಲ್ಲಿ ರೆಪ್ಪೆ ಬರುತ್ತದೆ,” ಎಂದಿತು ಪದರ. “ನನ್ನನ್ನು ಒರೆಸಿ, ನನ್ನ ಜಾಗದಲ್ಲಿ ಇನ್ನೊಂದು ಪದರ ಹಾಸುತ್ತದೆ. ನಮ್ಮ ಕುಲ ನಡೆಯುವುದೇ ಹಾಗೆ.”

“ರೆಪ್ಪೆಯನ್ನು ನಾನು ಕೈಬಿಟ್ಟಿದ್ದೇನೆ. ಅದಿದ್ದರೆ ಲೆಕ್ಕ ಬಿಡಿಸಲಾಗದು. ನನ್ನ ಮೊದಲ ಸಾಲು ಓದು: ‘ರೆಪ್ಪೆ ಇಲ್ಲವೆಂದು ಭಾವಿಸೋಣ.’”

“ಭಾವಿಸೋಣ ಎಂದರೆ ಯಾರು ಯಾರು?”

ಸಮೀಕರಣ ತಡವರಿಸಿತು. “ಅದು ಗಣಿತದ ವಾಡಿಕೆ. ಇಲ್ಲಿ ನಾನಲ್ಲದೆ ಬೇರೆ ಯಾರೂ ಇಲ್ಲ.”

“ಪಾಪ,” ಎಂದಿತು ಪದರ.

ಸಮೀಕರಣಕ್ಕೆ ಸಿಟ್ಟು ಬಂತು. “ಪಾಪವೇ? ಎಣಿಸು, ನೋಡೋಣ!”

ಪಂಕಜಾಕ್ಷಿ ತಮ್ಮ ಬರಹದಲ್ಲಿ ತಪ್ಪು ಹುಡುಕುತ್ತ ಎವೆಯಿಕ್ಕದೆ ಬೋರ್ಡನ್ನೇ ನೋಡುತ್ತಿದ್ದರು. ಒಂಬತ್ತು ಸೆಕೆಂಡಾಯಿತು, ಹತ್ತಾಯಿತು. ಹನ್ನೊಂದಕ್ಕೆ ಸರಿಯಾಗಿ ಪದರ ಒಡೆಯಿತು. ಕಣ್ಣು ಉರಿದು ಅವರು ರೆಪ್ಪೆ ಬಡಿದರು.

“ನಾನು ಹೇಳಿರಲಿಲ್ಲವೇ?” ಎಂದು ಸಮೀಕರಣ ಗೆದ್ದ ದನಿಯಲ್ಲಿ ಕೂಗಿತು. “ಹನ್ನೊಂದೇ ಸೆಕೆಂಡು!”

ಕಣ್ಣಿನ ಮೇಲೆ ಆಗಲೇ ಹೊಸ ಪದರ ಹರಡಿತ್ತು.

“ಯಾರಿಗೆ ಹೇಳಿದ್ದೆ?” ಎಂದು ಅದು ಕೇಳಿತು.